ನಮ್ಮತ್ತೆ ಕಂಡ ಕ್ರಿಸ್‌ಮಸ್

ನಮ್ಮ ಮನೆಯವರು ಊರು ಬಿಟ್ಟು ಹೊರಟರೆ ಏನಾದರೊಂದು ಆಗಲೇಬೇಕು. ಆಗಲಿಲ್ಲ ಅಂದರೆ ನಾವಿನ್ನೂ ಹೊರಟೇ ಇಲ್ಲ ಅಂತ ಅರ್ಥ.

ಮಧುಗಿರಿಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ನಮ್ಮ ಯಜಮಾನರು ಶಿರಾದ ಒಂದು ಶಾಲೆಯಲ್ಲಿ ಗುಮಾಸ್ತರು. ಕ್ರಿಸ್‌ಮಸ್ ರಜೆ ಬಂತು. ಮಿಡಿಗೇಶಿಯಿಂದ ನಮ್ಮತ್ತೆ ಬಂದಿದ್ದರು. ಪಾವಗಡಕ್ಕೆ ಕೊಟ್ಟ ನಾದಿನಿಯೂ ಬಂದಿದ್ದಳು. ಎಲ್ಲರೂ ಕೂತು ಮೊಬೈಲಿನಲ್ಲಿ ಬೆಂಗಳೂರಿನ ಕ್ರಿಸ್‌ಮಸ್ ದೀಪಾಲಂಕಾರ ನೋಡ್ತಿದ್ದೆವು. ಅತ್ತೆ ಕಣ್ಣು ಮಿಟುಕಿಸದೆ ನೋಡಿದರು. ಆಮೇಲೆ ಮಗನ ಕಡೆ ತಿರುಗಿ, "ಲೇ, ಈ ಡಬ್ಬೀನಾಗೇ ಇಷ್ಟು ಬೆಳಕೈತೆ. ದಿಟವಾಗ್ಲೂ ಎಷ್ಟಿರ್ತದೋ! ನಾನು ಸಾಯೋದ್ರೊಳಗೆ ಒಂದ್ಸಲ ನೋಡ್ಬುಡ್ಬೇಕು ಕಣ್ಲಾ" ಅಂದರು.

ಸಾಯೋ ಮಾತು ಬಂದ ಮೇಲೆ ಮಗ ಸುಮ್ಮನಿರೋದುಂಟೇ? ಮಾರನೇ ದಿನ ಬೆಳಗ್ಗೆ ನಾಲ್ಕೂ ಜನ ಬಸ್ಸಿನಲ್ಲಿದ್ದೆವು.

ಚಪ್ಪಲಿ

ಕೊರಟಗೆರೆ, ದಾಬಸ್‌ಪೇಟೆ ದಾಟಿ, ತುಮಕೂರು ರಸ್ತೆಯಲ್ಲಿ ಒಂದು ಮೆಟ್ರೋ ನಿಲ್ದಾಣದ ಹತ್ತಿರ ಇಳಿದೆವು. ಅತ್ತೆಗೆ ಮೆಟ್ರೋ ಇದೇ ಮೊದಲು. ಒಳಗಿನ ನೆಲ ಹೊಳೀತಿತ್ತು. ಒಂದು ಕಡ್ಡಿ ಇಲ್ಲ, ಒಂದು ಕಾಗದದ ಚೂರಿಲ್ಲ. ಅತ್ತೆ ಬಾಗಿಲಲ್ಲೇ ನಿಂತು, "ಅಬ್ಬಬ್ಬಾ! ಮುಖ ಕಾಣ್ತದಲ್ಲೇ ನೆಲದಾಗೆ" ಅಂತ ಬೆರಗಾದರು.

ನಾವು ಚೀಲಗಳನ್ನ ತಪಾಸಣೆ ಯಂತ್ರಕ್ಕೆ ಹಾಕಿ, ಈಚೆ ಬಂದು ನೋಡಿದರೆ, ಅತ್ತೆ ಬರಿಗಾಲಲ್ಲಿ ನಿಂತಿದ್ದಾರೆ.

"ಅತ್ತೆ, ಚಪ್ಪಲಿ ಎಲ್ಲಿ?"

"ಬಾಗಿಲ ತಾವ ಬುಟ್ಟೆ ಕಣಮ್ಮ. ಇಷ್ಟು ಚೊಕ್ಕಟ ಇಟ್ಟವ್ರೆ, ಮೆಟ್ಟು ಹಾಕ್ಕೊಂಡು ಒಳಗೆ ಬರಾಕೆ ಮನಸ್ಸಾದ್ರೂ ಹೆಂಗೆ ಬಂತು ನಿಮ್ಗೆ?"

ಯಜಮಾನರು ತಲೆ ಚಚ್ಚಿಕೊಂಡು ಹೊರಗೆ ಓಡಿದರು. ಎಷ್ಟು ಹೊತ್ತಾದರೂ ಬರಲಿಲ್ಲ. ಏನಾಯ್ತೋ ಅಂತ ನಾನೇ ಹೋದೆ. ಪಾಪ, ಅವರು ಬಾಗಿಲ ಹತ್ತಿರ ಸೆಕ್ಯೂರಿಟಿಯವರ ಜೊತೆ ಮಾತಿಗೆ ನಿಂತಿದ್ದರು.

"ಸಾರ್, ಇದು ನಿಮ್ಮಮ್ಮನ ಚಪ್ಪಲಿ, ಒಪ್ಕೋತೀನಿ" ಅಂತಿದ್ದ ಆತ. "ಮಿಕ್ಕಿದ್ದಕ್ಕೆ ನಾನ್ ಏನ್ ಮಾಡ್ಲಿ ಹೇಳಿ?"

ಅತ್ತೆಯ ಚಪ್ಪಲಿ ಪಕ್ಕದಲ್ಲಿ, ನಮ್ಮ ಹಿಂದೆ ಬಸ್ಸಿಳಿದವರದ್ದು, ಇನ್ನೂ ಮೂರು ಜೊತೆ ಸಾಲಾಗಿ ಕೂತಿದ್ದವು.

ಬಾಣಂತಿ

ಮೊದಲು ಒಂದು ದೊಡ್ಡ ಚರ್ಚಿಗೆ ಹೋದೆವು. ಅದರ ಗೋಪುರ ನೋಡೋಕೆ ಅತ್ತೆ ಎಷ್ಟು ಹಿಂದಕ್ಕೆ ಬಾಗಿದರು ಅಂದರೆ, ನಾದಿನಿ ಬೆನ್ನಿಗೆ ಕೈ ಕೊಟ್ಟು ನಿಲ್ಲಬೇಕಾಯ್ತು. "ಚೂಡಮ್ಮಾ, ಚೂಡು! ನೋಡು, ಆಕಾಶಕ್ಕೇ ಮುಟ್ಟೈತೆ" ಅಂತ ಅವಳೂ ಬಾಯಿ ಬಿಟ್ಟಳು. ಪಾವಗಡ ಸೇರಿದ ಮೇಲೆ ಅವಳಿಗೆ ಸಂತೋಷವಾದರೂ ಸಿಟ್ಟು ಬಂದರೂ ತೆಲುಗು ತಾನಾಗೇ ಬರ್ತದೆ.

ಅಂಗಳದಲ್ಲಿ ಹುಲ್ಲಿನ ಗೋದಲಿ ಕಟ್ಟಿದ್ದರು. ಹಸು, ಕುರಿ, ಕುರುಬರು, ಹುಲ್ಲಿನ ಮೇಲೆ ಮಗು, ಪಕ್ಕದಲ್ಲಿ ತಾಯಿ ಮರಿಯಮ್ಮ, ಎಲ್ಲಾ ಬೊಂಬೆಗಳೇ. ಹಣೆ ತುಂಬ ವಿಭೂತಿ ಹಚ್ಚಿದ್ದ ನಮ್ಮತ್ತೆ ಅದರ ಮುಂದೆ ಮಂಡಿಯೂರಿ ಕೂತುಬಿಟ್ಟರು. "ದೇವ್ರು ಕೊಟ್ಟಿಗೇನಾಗೆ ಹುಟ್ಟವ್ನಲ್ಲೇ! ನಾನೂ ಅಂಗೇ ಹುಟ್ಟಿದ್ದು" ಅಂದರು. ಕಣ್ಣಲ್ಲಿ ನೀರಿತ್ತು.

ಅಷ್ಟರಲ್ಲಿ ಅಲ್ಲಿದ್ದ ಸಿಸ್ಟರ್ ಒಬ್ಬರನ್ನ ಅತ್ತೆ ಕೈ ಮಾಡಿ ಕರೆದರು.

"ತಾಯೀ, ಮಗ ಹುಟ್ಟಿ ಎಷ್ಟು ದಿನ ಆತು?"

"ಇವತ್ತೇ ಹಬ್ಬ ಅಲ್ವಾ ಅಜ್ಜಿ. ಇವತ್ತೇ ಹುಟ್ಟಿದ್ದು."

"ಇವತ್ತಾ? ಅಸಿ ಬಾಣಂತೀನ ಇಂಗೆ ಬಯಲಾಗೆ ಕುಂಡ್ರಿಸಿದ್ದೀರಲ್ಲಾ! ಕಿವಿಗೆ ಹತ್ತಿ ಇಟ್ಟಿದ್ದೀರೋ ಇಲ್ವೋ? ಮಾರ್ಗಶಿರದ ಚಳಿ ಕಣಮ್ಮ ಇದು!"

ನಾನು ತಡೆಯೋದರೊಳಗೆ ಹೆಗಲ ಮೇಲಿದ್ದ ಶಾಲು ತೆಗೆದು ಕೊಟ್ಟೇಬಿಟ್ಟರು. ಸಿಸ್ಟರ್ ಬೈತಾರೇನೋ ಅಂತ ನಾನು ಮುದುರಿಕೊಂಡೆ. ಅವರು ನಗ್ತಾ ಆ ಶಾಲನ್ನ ಎರಡೂ ಕೈಯಲ್ಲಿ ತಗೊಂಡು ಮರಿಯಮ್ಮನ ಹೆಗಲಿಗೆ ಹೊದಿಸಿದರು. "ಇಷ್ಟು ವರ್ಷ ಕಟ್ತಿದ್ದೀವಿ ಅಜ್ಜಿ, ಚಳಿಯಾಗುತ್ತೆ ಅಂತ ನಮಗ್ಯಾರಿಗೂ ಹೊಳೆದಿರಲಿಲ್ಲ" ಅಂದರು.

ಅತ್ತೆಯನ್ನ ಅಲ್ಲಿಂದ ಎಬ್ಬಿಸೋದೇ ಕಷ್ಟವಾಯ್ತು. ನಾದಿನಿ ನನ್ನ ಕಿವಿಯಲ್ಲಿ, "ಇನ್ನೊಂದು ಗಳಿಗೆ ಬಿಟ್ಟಿದ್ರೆ ನಮ್ಮಮ್ಮ ಕಾಲು ನೀಡಿ ಕುಂತು ಮಗೀಗೆ ಎಣ್ಣೆ ನೀರು ಹಾಕಿಬುಡೋಳು" ಅಂದಳು.

ನಕ್ಷತ್ರಗಳು

ಸಂಜೆ ದೀಪ ಹತ್ತಿದ ಮೇಲೆ ಪೇಟೆ ಬೀದಿಗೆ ಬಂದೆವು. ಏನು ಹೇಳಲಿ? ಮರದ ಕಾಂಡ, ಕೊಂಬೆ, ರೆಂಬೆ ಒಂದನ್ನೂ ಬಿಟ್ಟಿರಲಿಲ್ಲ, ಎಲ್ಲಕ್ಕೂ ದೀಪ ಸುತ್ತಿದ್ದರು. ನಮ್ಮೂರಿನ ಏಕಶಿಲಾ ಬೆಟ್ಟ ನೋಡಿ ಬೇರೆ ಊರಿನವರು ಬಾಯಿ ಬಿಡ್ತಾರಲ್ಲ, ಹಾಗೆ ನಾವು ನಿಂತಿದ್ದೆವು.

ಯಜಮಾನರು ಮಾತ್ರ ನಿಲ್ಲಲಿಲ್ಲ. ಹಿಂದೊಮ್ಮೆ ಯಾವುದೋ ತರಬೇತಿಗೆ ಬೆಂಗಳೂರಿಗೆ ಬಂದಿದ್ದರಂತೆ. "ಫಿಕರ್ ಮಾಡ್ಬೇಡಿ, ನನಗೆ ಗಲ್ಲಿ ಗಲ್ಲಿ ಗೊತ್ತು" ಅಂತ ಶಿರಾ ಭಾಷೆಯಲ್ಲಿ ಧೈರ್ಯ ಕೊಟ್ಟು, ಒಂದು ಕೈ ಮೇಲೆತ್ತಿಕೊಂಡು ಮುಂದೆ ನಡೆದರು. ನಾವು ಹಿಂದೆ. ನಮ್ಮ ಹಿಂದೆ ಇನ್ಯಾರೋ ಗುರುತಿಲ್ಲದ ಒಂದು ಸಂಸಾರ, ಈ ಯಪ್ಪ ಗೈಡ್ ಇರಬೇಕು ಅಂದುಕೊಂಡು!

ಒಂದು ತಿರುವಿನಲ್ಲಿ ಬಂಡಿ ಗಾತ್ರದ ನಕ್ಷತ್ರ ತೂಗ್ತಿತ್ತು. "ಅಮ್ಮಾ, ಎಂತ ಪೆದ್ದ ನಕ್ಷತ್ರಮೋ!" ಅಂದಳು ನಾದಿನಿ, ಎಷ್ಟು ದೊಡ್ಡದು ಅಂತ ತೆಲುಗಿನಲ್ಲಿ. ಸ್ವಲ್ಪ ಹೊತ್ತು ನಡೆದ ಮೇಲೆ ಅಂಥದ್ದೇ ಇನ್ನೊಂದು. ಮತ್ತಷ್ಟು ನಡೆದರೆ ಮತ್ತೊಂದು. "ಒಂದೇ ಅಚ್ಚಿನಾಗೆ ಎಷ್ಟು ಮಾಡ್ಸವ್ರಪ್ಪಾ! ಊರೆಲ್ಲಾ ಇದೇ ಇರಬೇಕು" ಅಂತ ಅತ್ತೆ ಕೈ ಮುಗಿದರು. ನನಗೂ ಹೌದು ಅನ್ನಿಸಿತ್ತು.

ನಾಲ್ಕನೇ ನಕ್ಷತ್ರದ ಕೆಳಗೆ ಬಲೂನು ಮಾರುವವನೊಬ್ಬ ಯಜಮಾನರನ್ನ ತಡೆದು ನಿಲ್ಲಿಸಿದ.

"ಸಾರ್, ಯಾವ ಹರಕೆನೋ ಗೊತ್ತಿಲ್ಲ. ಇನ್ನೆಷ್ಟು ಪ್ರದಕ್ಷಿಣೆ ಬಾಕಿ ಐತೆ?"

ಹಿಮ

ಕಾಲು ನೋವು ಅಂತ ಪಕ್ಕದಲ್ಲಿದ್ದ ಮಾಲ್ ಒಳಗೆ ಹೋದೆವು. ನಡುವೆ ಮೂರಂತಸ್ತಿನ ಎತ್ತರಕ್ಕೆ ಕ್ರಿಸ್‌ಮಸ್ ಮರ. ಅತ್ತೆ ಅದರ ಕೆಳಗೆ ನಿಂತು ಕತ್ತೆತ್ತಿದ್ದೇ ತಡ, ಸೂರಿನಿಂದ ಬೆಳ್ಳಗೆ ಏನೋ ಉದುರೋಕೆ ಶುರುವಾಯ್ತು.

"ಆಲಿಕಲ್ಲು! ಆಲಿಕಲ್ಲು ಮಳೆ ಕಣ್ರೋ!" ಅಂತ ಅತ್ತೆ ಸೆರಗು ತಲೆ ಮೇಲೆ ಹಾಕಿಕೊಂಡು, ಅಲ್ಲೇ ಸೆಲ್ಫಿ ತೆಗೀತಿದ್ದ ಇಬ್ಬರು ಹುಡುಗೀರ ರಟ್ಟೆ ಹಿಡಿದು ಒಂದು ಅಂಗಡಿಯೊಳಕ್ಕೆ ಎಳಕೊಂಡು ಹೋದರು. ಆ ಹುಡುಗೀರು ಕಿರುಚಿಕೊಂಡರು.

ನಾನು ಓಡಿ ಹೋಗಿ, ಇದು ಆಟದ ಹಿಮ ಅಂತ ಹೇಳಿ ಕರಕೊಂಡು ಬಂದೆ. ಅತ್ತೆ ಅಂಗೈ ಚಾಚಿದರು. ಬಿಳಿ ತುಣುಕೊಂದು ಬಂದು ಕೂತಿತು. ಮಗುವಿನ ಹಾಗೆ ಅದನ್ನೇ ನೋಡ್ತಾ, "ಎಷ್ಟು ಚೆಂದಾಗೈತೆ! ಆದ್ರೆ ತಣ್ಣಗಿಲ್ವಲ್ಲೇ?" ಅಂದರು.

"ಸೋಪಿನ ನೊರೆ ಅತ್ತೆ ಅದು."

ಬೆರಗು ಅಲ್ಲಿಗೇ ಇಳೀತು. "ನೊರೇನಾ? ಮೊದ್ಲೇ ಹೇಳಿದ್ರೆ ಊರಿಂದ ಜಮಖಾನ ತರ್ತಿರ್ಲಿಲ್ವಾ, ಒಗ್ದು ಹಾಕ್ಕೊಂಡು ಹೋಗಾಕೆ!"

ಕುರ್ಚಿ

ಮರದ ಪಕ್ಕದಲ್ಲೇ ಕೆಂಪು ಮಖಮಲ್ಲಿನ ದೊಡ್ಡ ಕುರ್ಚಿ. ಅದರಲ್ಲಿ ಕ್ರಿಸ್‌ಮಸ್ ತಾತ, ಅದೇ ಸಾಂತಾ, ಹೊಕ್ಕಳವರೆಗೆ ಗಡ್ಡ ಬಿಟ್ಟುಕೊಂಡು ಕೂತಿದ್ದ. ಮಕ್ಕಳ ಸಾಲು ಬಾಗಿಲವರೆಗೂ ಇತ್ತು. ಒಬ್ಬೊಬ್ಬರನ್ನೇ ತೊಡೆ ಮೇಲೆ ಕೂರಿಸಿಕೊಂಡು, ಏನು ಬೇಕು ಅಂತ ಕೇಳಿ, ಚಾಕಲೇಟ್ ಕೊಟ್ಟು ಕಳಿಸ್ತಿದ್ದ.

ಗುಂಡಗಿದ್ದ ಒಂದು ಮಗುವನ್ನ ಎತ್ತಿಕೊಳ್ಳೋಕೆ ಆತ ಎದ್ದು ಬಗ್ಗಿದ. ಪರ್‍ರ್ ಅಂತ ಸದ್ದಾಯ್ತು. ಹಾಡಿನ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಆದರೆ ಬಟ್ಟೆ ಹರಿಯೋ ಸದ್ದನ್ನ ನಾನು ನಿದ್ದೆಯಲ್ಲೂ ಗುರುತು ಹಿಡೀತೀನಿ. ಸಾಂತಾ ಥಟ್ಟನೆ ಕುರ್ಚಿಗೆ ಅಂಟಿಕೊಂಡ. ಗಡ್ಡದ ಮೇಲಿನ ಕಣ್ಣು ಅಳೋ ಹಂಗಿತ್ತು.

ನಾನು ಹತ್ತಿರ ಹೋಗಿ ಪಿಸುಗುಟ್ಟಿದೆ, "ಎಲ್ಲಿ ಹರೀತಣ್ಣ?"

"ಮೆತ್ತಗೆ ಮಾತಾಡಕ್ಕಾ. ಹಿಂದ್ಗಡೆ, ಪೂರ್ತಿ. ಮಕ್ಕಳ ಮುಂದೆ ಮಾನ ಹೋಯ್ತದೆ."

"ನೀನ್ಯಾವ ಊರೋನಪ್ಪ?"

"ಕೊರಟಗೆರೆ ತಾವ ಕಣಕ್ಕಾ."

ನಮ್ಮ ಕಡೆಯವನ ಮಾನ ನಮ್ಮ ಮಾನ ತಾನೇ? ಪರ್ಸಿನಲ್ಲಿ ಸೂಜಿ ಇತ್ತು, ಹಸಿರು ದಾರ ಇತ್ತು. ನಾದಿನಿ ಸೆರಗು ಅಗಲಿಸಿ ಮರೆ ಹಿಡಿದಳು. ಯಜಮಾನರು ಅವನ ಬೆನ್ನಿಗೆ ಬೆನ್ನು ಕೊಟ್ಟು ನಡೆದರು. ಹಾಗೇ ಮೆರವಣಿಗೆಯಲ್ಲಿ ಮರದ ಹಿಂದಕ್ಕೆ ಹೋದೆವು. ಅವನು ಮರ ತಬ್ಬಿಕೊಂಡು ನಿಂತ, ನಾನು ಹೊಲಿದೆ. ಕೆಂಪು ಬಟ್ಟೆಗೆ ಹಸಿರು ಹೊಲಿಗೆ, ಹೇಗೂ ಹಬ್ಬದ ಬಣ್ಣವೇ. "ಬದುಕಿಸಿದೆ ಕಣಕ್ಕಾ" ಅಂದ ಪುಣ್ಯಾತ್ಮ.

ಈಚೆ ಬಂದು ನೋಡಿದರೆ ಕುರ್ಚಿಯಲ್ಲಿ ನಮ್ಮತ್ತೆ!

ಖಾಲಿ ಬಿಟ್ಟರೆ ಬಸ್ಸಿನ ಸೀಟಿನ ಹಾಗೆ ಬೇರೆ ಯಾರಾದರೂ ಹಿಡಕೊಂಡುಬಿಡ್ತಾರೆ ಅಂತ ಕೂತರಂತೆ. ಅವರು ಕೂತಿದ್ದೇ ತಡ, ಸಾಲು ಮುಂದೆ ಸರಿದಿದೆ. ಒಂದು ಮಗು, "ಅಜ್ಜಿ, ನೀವು ಸಾಂತಾ ಹೆಂಡ್ತೀನಾ?" ಅಂತ ಕೇಳ್ತು.

"ಅಲ್ಲ ಕಣ್ ಮಗಾ. ಅವ್ನು ಒಸಿ ಹೊರಗೋಗವ್ನೆ. ನಿಂಗೇನ್ ಬೇಕು ಹೇಳು, ಬಂದ ಮ್ಯಾಕೆ ಹೇಳ್ತೀನಿ."

"ರೋಬೋಟ್ ಬೇಕು."

"ಆಯ್ತು. ಮೊದ್ಲು ಹೊಟ್ಟೆ ತುಂಬ ಉಣ್ಣು, ಎಲುಬು ಎಣಿಸ್ಬೋದು ಅಂಗಿದ್ದೀಯ" ಅಂತ ಅದರ ಕೆನ್ನೆ ಸವರಿ, ದೃಷ್ಟಿ ತಾಗದಿರಲಿ ಅಂತ ತಮ್ಮ ಹಣೆಗೆ ಬೆರಳು ಒತ್ತಿ ಲಟಲಟ ನೆಟಿಕೆ ಮುರಿದರು. ಆ ಸದ್ದಿಗೆ ಮಗು ಕಿಲಕಿಲ ನಕ್ಕಿತು. ಅಷ್ಟೇ! ಎಲ್ಲಾ ಮಕ್ಕಳಿಗೂ ನೆಟಿಕೆ ಬೇಕು. ಚಾಕಲೇಟ್ ಯಾರೂ ಕೇಳ್ತಿಲ್ಲ. ಅಪ್ಪ ಅಮ್ಮಂದಿರು ಮೊಬೈಲ್ ಎತ್ತಿ ಹಿಡಿದು ನಿಂತಿದ್ದರು. ಕೆಂಪು ಮಖಮಲ್ಲು, ಹಣೆಯ ವಿಭೂತಿ, ಹಿಂದೆ ಬೆಳಗೋ ಮರ! ಸುಳ್ಳೇಕೆ ಹೇಳಲಿ, ಬೆಂಗಳೂರಲ್ಲಿ ಅವತ್ತು ನಾನು ನೋಡಿದ್ದರಲ್ಲೆಲ್ಲ ಅದೇ ಬಲು ಚೆಂದ.

ಸಾಂತಾ ಮುಂದೆ ಬಂದು ಕೆಮ್ಮಿದ. "ಅಜ್ಜೀ…" ಅಂದ.

ಸಾಲಿನಿಂದ ಒಂದು ಪುಟಾಣಿ ಸೊಂಟದ ಮೇಲೆ ಕೈ ಇಟ್ಟುಕೊಂಡು ಗದರಿತು, "ಅಂಕಲ್! ಕ್ಯೂನಲ್ಲಿ ಬನ್ನಿ!"

ಸಾಂತಾ ನನ್ನ ಮುಖ ನೋಡಿದ. ಆಮೇಲೆ ಹೋಗಿ ಸಾಲಿನ ಕೊನೆಯಲ್ಲಿ ನಿಂತ. ಅವನ ಸರದಿ ಬಂದಾಗ ಅತ್ತೆ ಅವನ ಗಡ್ಡ ನೀವಿ, ಲಟಲಟ ನೆಟಿಕೆ ಮುರಿದು, "ನಿಂಗೇನಪ್ಪಾ ಬೇಕು?" ಅಂತ ಕೇಳಿದರು.

"ನನ್ ಕುರ್ಚಿ ಕಣಜ್ಜಿ" ಅಂದ.