ಕಾಫಿ ಕುಡಿದವನ ಸೈಕಲ್ಲು

ಬೆಟಗೇರಿಯಲ್ಲಿ ಬಾಡಿಗೆ ಸೈಕಲ್ಲಿನ ಅಂಗಡಿ ಇಟ್ಟವನು ಗಾಬರಿಯನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಪಂಕ್ಚರಾದ ಗಾಲಿಯಂತೆ ಅದೇ ಬಾಗಿಲಿಗೆ ಬರುತ್ತದೆ. ಏಕೀಕರಣದ ವರ್ಷ ಮಾತ್ರ ಎಲ್ಲ ಗಾಬರಿಯೂ ಒಬ್ಬನಿಂದಲೇ ಬಂತು. ನಮ್ಮ ಓಣಿಯ ನೇಕಾರ, ನನ್ನ ಗೆಳೆಯ.

೧. ಒಂದು ತಂಬಿಗೆ

ಏಕೀಕರಣದ ಸಂಭ್ರಮಕ್ಕೆ ಗದಗಿನಿಂದ ಮುಂಡರಗಿಗೆ ಸೈಕಲ್ ಪಂದ್ಯ ಇಟ್ಟರು. ಬಹುಮಾನ ಹೊಸ ಸೈಕಲ್ಲು. ಇಷ್ಟು ವರ್ಷ ನನ್ನ ಬಾಡಿಗೆ ಸೈಕಲ್ ತುಳಿದ ನೇಕಾರ ಅದರ ಆಸೆಗೆ ಹ್ಯಾಂಡಲಿನ ಗಂಟೆಯನ್ನು ಮೊದಲೇ ಕೊಂಡು ಕಿಸೆಯಲ್ಲಿಟ್ಟುಕೊಂಡಿದ್ದ.

ಮೈಸೂರು ಕಡೆಯಿಂದ ವರ್ಗವಾಗಿ ಬಂದ ಗುಮಾಸ್ತರು, "ಹೊರಡೋಕೆ ಮುಂಚೆ ಗಟ್ಟಿ ಕಾಫಿ ಕುಡೀರಿ, ಕಾಲು ಸೋಲೋದೇ ಇಲ್ಲ" ಅಂದರು. ನಮ್ಮದು ಚಹಾ ಕುಡಿಯುವ ಊರು. ಇವನು ಕಾಫಿಯನ್ನು ಔಷಧವೆಂದು ತಿಳಿದು, ಕಣ್ಣು ಮುಚ್ಚಿ ಒಂದು ತಂಬಿಗೆ ಏರಿಸಿದ. ನಸುಕಿನಲ್ಲಿ ತಾಲೀಮಿಗೆಂದು ಲಕ್ಷ್ಮೇಶ್ವರಕ್ಕೆ ಹೋದವನು ಊಟದ ಹೊತ್ತಿಗೆ ತಿರುಗಿ ಬಂದ. ಬಂದವನು ಕೂಡಲಿಲ್ಲ. ಮಗ್ಗಕ್ಕಿಳಿದು ನೇಯ್ದ, ನೀರು ಸೇದಿದ, ಪಕ್ಕದ ಮನೆಯ ಕಟ್ಟಿಗೆಯನ್ನೂ ಒಡೆದ. ಅವನ ತಾಯಿ ನನ್ನ ಅಂಗಡಿಗೆ ಓಡಿ ಬಂದರು.

"ಏನ್ ಕುಡಿಸೀಯೋ ತಮ್ಮಾ ನನ್ನ ಮಗಗ? ಹುಟ್ಟಿದಾಗಿಂದ ಹಿಂಗ ದುಡದವನಲ್ಲ, ಮೈಯಾಗ ಯಾರೋ ಹೊಕ್ಕಾರ."

೨. ಸೊರಟೂರಿನ ದಾರಿ

ಮುಂದಿನ ಸಲ ಅಳತೆಯಲ್ಲಿ ಕುಡಿದು ಸೊರಟೂರಿಗೆ ಹೋದ. ಸಂಜೆ ಬಂದದ್ದು ಎತ್ತಿನ ಚಕ್ಕಡಿಯಲ್ಲಿ, ಸೈಕಲ್ಲೂ ಚಕ್ಕಡಿಯಲ್ಲಿ. ಕಾಲು ಮುರಿಯಿತೆಂದುಕೊಂಡು ಓಡಿದೆ. ಹಾಗೇನಿಲ್ಲ, ದಾರಿಯುದ್ದಕ್ಕೂ ಗುರುತಿನವರು ಕೈ ಮಾಡಿ ನಿಲ್ಲಿಸಿ ಚಹಾ ಕುಡಿಸಿ, ಹೊಟ್ಟೆ ತುಂಬಿ ತುಳಿಯಲಾಗದಂತೆ ಮಾಡಿದ್ದರು. ಒಲ್ಲೆ ಅಂದರೆ ನಮ್ಮಲ್ಲಿ ಬೀಗತನವೇ ಮುರಿಯುತ್ತದೆ.

ಗುಮಾಸ್ತರು ಸಿಟ್ಟಾದರು. ಪಂದ್ಯದ ದಿನ ಯಾರು ಕರೆದರೂ ಇಳಿಯಕೂಡದು, ತಿರುಗಿ ಬರುವಾಗ ಕುಡಿಯುತ್ತೇನೆಂದು ಕೈ ಮುಗಿದು ಹೋಗಬೇಕು ಅಂದರು. ನೇಕಾರ ಕಿಸೆಯ ಗಂಟೆ ಮುಟ್ಟಿ ಆಣೆ ಮಾಡಿದ.

೩. ಮುಂಡರಗಿಯ ಹಾರ

ಪಂದ್ಯದ ದಿನ ನಾನು ಮೊದಲೇ ಬಸ್ಸಿನಲ್ಲಿ ಹೋಗಿ ಮುಂಡರಗಿಯಲ್ಲಿ ನಿಂತೆ. ಊರ ಬಾಯಲ್ಲಿ ತೋರಣ. ಅಲ್ಲಿ ಇಳಿದು ಹಾರ ಹಾಕಿಸಿಕೊಂಡವನೇ ಗೆದ್ದಂತೆ. ಧೂಳೆಬ್ಬಿಸುತ್ತ ಮೊದಲು ಬಂದವನು ನಮ್ಮ ನೇಕಾರ. ಹಿಂದೆ ಕಣ್ಣು ಹಾಯುವಷ್ಟು ದೂರ ಯಾರೂ ಇಲ್ಲ. ಸಂತೋಷಕ್ಕೆ ನನ್ನ ಕಣ್ಣಲ್ಲಿ ನೀರು ಬಂತು.

ಊರ ಹಿರಿಯರು ಒಂದು ಕೈಯಲ್ಲಿ ಹಾರ, ಇನ್ನೊಂದರಲ್ಲಿ ಚಹಾದ ಕಪ್ಪು ಹಿಡಿದು ಎದುರು ಬಂದರು. "ಬರ್ರಿ, ಇಳೀರಿ. ಮೊದಲ ಒಂದ್ ಕಪ್ ಚಾ ಆಗಲಿ."

ನೇಕಾರ ಕೈ ಮುಗಿದ. "ತಿರಿಗಿ ಬರೂಮುಂದ ಕುಡಿತೀನ್ರಿ ಯಪ್ಪಾ" ಅಂದವನೇ ತೋರಣ ಹಾದು ಹೋಗಿಯೇಬಿಟ್ಟ.

ನಾನು ಕೂಗುತ್ತ ಬೆನ್ನು ಹತ್ತಿದೆ. ಕಾಫಿ ಕುಡಿದ ಕಾಲು, ಸಿಕ್ಕೀತೇ? ಅವನು ಮುಂಡರಗಿ ಕಂಡವನಲ್ಲ. ಮಂದಿಯೆಲ್ಲ ತೋರಣದ ಹತ್ತಿರ ಇದ್ದುದರಿಂದ ಪೇಟೆ ಖಾಲಿ. ಇದು ಬೇರೆ ಯಾವುದೋ ಊರೆಂದು ದಾಟಿಬಿಟ್ಟ. ಸಿಂಗಟಾಲೂರಿನಲ್ಲಿ ದಾರಿ ಮುಗಿದು ಹೊಳೆ ಬಂತು. ಬಟ್ಟೆ ಒಗೆಯುತ್ತಿದ್ದ ಅಜ್ಜಿಯನ್ನು ಮುಂಡರಗಿ ಇನ್ನೆಷ್ಟು ದೂರ ಎಂದು ಕೇಳಿದನಂತೆ. "ಹಿಂದ ಬಿಟ್ಟ ಬಂದೀಯಲ್ಲೋ" ಅಂದಳಂತೆ ಅಜ್ಜಿ.

ಅವನು ತಿರುಗಿ ಬರುವಷ್ಟರಲ್ಲಿ ಹೊಸ ಸೈಕಲ್ಲಿನ ಮೇಲೆ ಹಾರ ಹಾಕಿಕೊಂಡು ಒಬ್ಬ ಹಾಲಿನವನು ಕುಳಿತಿದ್ದ. ಕರೆದವರ ಮನೆಯಲ್ಲೆಲ್ಲ ಚಹಾ ಕುಡಿದುಕೊಂಡು ನಿಧಾನಕ್ಕೆ ಬಂದವನು. ನೇಕಾರ ಕಿಸೆಯ ಗಂಟೆಯನ್ನು ಒಮ್ಮೆ ತೆಗೆದು ನೋಡಿ ಮತ್ತೆ ಒಳಗಿಟ್ಟ.

ಊರ ಹಿರಿಯರು ಮಾತ್ರ ಆರಿದ ಚಹಾದ ಕಪ್ಪನ್ನು ಇನ್ನೂ ಹಿಡಿದುಕೊಂಡೇ ನಿಂತಿದ್ದರು. "ತಿರಿಗಿ ಬರೂಮುಂದ ಅಂದಿದ್ರಲ್ಲರಿ, ತಗೋರಿ" ಅಂದರು.