ಹೋಗು ಎಂದರೆ ಬರುತ್ತಿದ್ದ ನಾಯಿ

ನಾನು ಇನ್ಶೂರೆನ್ಸ್ ಏಜೆಂಟ್. ಜನರ ಸಾವಿನ ಬಗ್ಗೆ ಅವರ ಮನೆಯಲ್ಲೇ ಕೂತು, ಅವರೇ ಕೊಟ್ಟ ಕಾಫಿ ಕುಡಿಯುತ್ತ ಮಾತಾಡುವುದು ನನ್ನ ಕಸುಬು. "ನಾಳೆ ನೀವಿಲ್ಲ ಅಂತ ಇಟ್ಕೊಳ್ಳಿ" ಎಂದು ಶುರುಮಾಡಿದರೆ ಲೋಟ ಖಾಲಿಯಾಗುವಷ್ಟರಲ್ಲಿ ಸಹಿ ಬಿದ್ದಿರುತ್ತದೆ. ಚನ್ನಪಟ್ಟಣದಿಂದ ಮಾಗಡಿಯವರೆಗೆ ನನ್ನ ಮಾತಿಗೆ ತಲೆದೂಗದವರಿಲ್ಲ. ಮನೆಯಲ್ಲಿ ಮಾತ್ರ ಕೇಳುವವರಿಲ್ಲ. ಅವ್ವ ಕೇಳುವುದಿಲ್ಲ, ಹೆಂಡತಿ ಪುಷ್ಪ ಕೇಳುವುದಿಲ್ಲ. ಎಂಟು ವರ್ಷದ ಮಗಳು ಸಿಂಚನ ಪೂರ್ತಿ ಕೇಳಿಸಿಕೊಂಡು, ಆಮೇಲೆ ಕೇಳುವುದಿಲ್ಲ. ನಾಯಿಯಂತೂ ಕೇಳುತ್ತಲೇ ಇರಲಿಲ್ಲ.

ನಾಯಿಯ ಹೆಸರು ಹೋಗು.

ಅದು ನಾವು ಇಟ್ಟ ಹೆಸರಲ್ಲ. ಸಿಂಚನ ಆಗಷ್ಟೇ ಮಾತು ಕಲಿಯುತ್ತಿದ್ದ ಕಾಲ. ಮೈಯೆಲ್ಲ ಕಂದು, ಪಾದ ಮಾತ್ರ ಬೆಳ್ಳಗಿದ್ದ ಮರಿಯೊಂದು ಗೇಟಿನ ಕೆಳಗೆ ನುಸುಳಿ ಒಳಗೆ ಬಂತು. ನಾನು ಪೊರಕೆ ಹಿಡಿದು, ಪುಷ್ಪ ಲಟ್ಟಣಿಗೆ ಹಿಡಿದು, ಅವ್ವ ಬರಿಗೈಯಲ್ಲೇ "ಹೋಗು, ಹೋಗು" ಎಂದು ಕೂಗುತ್ತಿದ್ದೆವು. ಮಗು ಬಾಗಿಲಿಗೆ ಬಂದು ನೋಡಿತು. ಮನೆಯವರೆಲ್ಲ ಸೇರಿ ಇಷ್ಟು ಹೊತ್ತು ಕರೆಯುತ್ತಿದ್ದಾರೆ ಎಂದಮೇಲೆ ಇದರ ಹೆಸರು ಇದೇ ಇರಬೇಕು ಎಂದುಕೊಂಡಿತು. ಮೆಟ್ಟಿಲ ಮೇಲೆ ಕೂತು, ಕೈ ಚಾಚಿ, "ಹೋಗು" ಎಂದಿತು. ಮರಿ ಓಡಿಬಂದು ಅವಳ ಮಡಿಲಲ್ಲಿ ಮಲಗಿತು. ಅಲ್ಲಿಗೆ ನಾಮಕರಣ ಮುಗಿಯಿತು!

ಅವ್ವನಿಗೆ ಈ ಹೆಸರು ಸುತರಾಂ ಹಿಡಿಸಲಿಲ್ಲ. ಮನೆಯಿಂದ ಹೊರಡುವಾಗ "ಬತ್ತೀನಿ" ಎನ್ನುವ ಬದಲು "ಹೋಗ್ತೀನಿ" ಎಂದರೆ ಬಾಯಿಗೆ ಹೊಡೆಯುವ ವಂಶ ನಮ್ಮದು. ಬೆಳಗಾದರೆ ಹೋಗು ಹೋಗು ಎಂದು ಕೂಗಿದರೆ ಮನೆಗೆ ಒಳ್ಳೆಯದಾಗುತ್ತದೆಯೇ ಎಂದು ಗೊಣಗಿ, ತಾನೊಬ್ಬಳೇ ಅದನ್ನು "ಹೋಗ್ಬಾ" ಎಂದು ಕರೆಯುತ್ತಿದ್ದಳು. ನಾಯಿ ಅದಕ್ಕೂ ಬರುತ್ತಿತ್ತು. ದೊಡ್ಡಮಳೂರಿನಿಂದ ಪುಷ್ಪಳ ಸೋದರಮಾವ ಹಲಸಿನಹಣ್ಣು ಹೊತ್ತು ಬಂದಾಗ, ಗೇಟಿಗೆ ಕೈಹಾಕುವ ಹೊತ್ತಿಗೆ ಸರಿಯಾಗಿ ಮಗಳು ಒಳಗಿನಿಂದ "ಹೋಗೂ, ಹೋಗೂ" ಎಂದು ಕೂಗಿದಳು. ಅವರು ಹಣ್ಣಿನ ಸಮೇತ ವಾಪಸು ನಡೆದರು. ಆಮೇಲೆ ಫೋನು ಮಾಡಿ ಸಮಾಧಾನ ಮಾಡಿದೆವು. ಹಣ್ಣು ಮಾತ್ರ ಬರಲಿಲ್ಲ.

ಇನ್ನು ಮಗಳಿಗೂ ಅದಕ್ಕೂ ಇದ್ದ ಒಪ್ಪಂದವೇ ಬೇರೆ. ಸಿಂಚನಳಿಗೆ ಮುದ್ದೆ ಇಳಿಯುವುದಿಲ್ಲ. ಅರ್ಧ ಮುದ್ದೆ ಅವಳ ಮುಂದೆ, ಅರ್ಧ ಮುದ್ದೆ ಮಂಚದ ಕೆಳಗೆ. ಹೀಗಾಗಿ ನಾಯಿ ದಪ್ಪಗಾಯಿತು, ಮಗಳು ಕಡ್ಡಿಯಂತೆ ಉಳಿದಳು. ಮಗ್ಗಿ ಒಪ್ಪಿಸುವುದು ಅದರ ಮುಂದೆ, ನನ್ನ ಮೇಲೆ ಚಾಡಿ ಹೇಳುವುದೂ ಅದರ ಕಿವಿಯಲ್ಲೇ. ಸಂಜೆ ಸ್ಕೂಲ್ ವ್ಯಾನು ತಿರುವಿನಲ್ಲಿ ಕಾಣುವ ಮೊದಲೇ ಅದು ಗೇಟಿಗೆ ಮೂತಿ ಇಟ್ಟು ನಿಂತಿರುತ್ತಿತ್ತು. ನಾನು ಬಿಸ್ಕತ್ತು ಹಿಡಿದು ಕರೆದರೆ ಕತ್ತೆತ್ತಿ ನೋಡಿ, ಮತ್ತೆ ಮಲಗುತ್ತಿತ್ತು. ಒಂದು ಸಲವಾದರೂ ನಾನು ಕರೆದಾಗ ಬರಲಿ ಎಂಬ ಆಸೆ ನನಗಿತ್ತು. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ.

ಆ ಬುಧವಾರ ಬೆಳಗ್ಗೆ ಮಗಳು ಸ್ಕೂಲಿಗೆ ಹೋದ ಮೇಲೆ, ರಾಮನಗರದ ರೇಷ್ಮೆ ವ್ಯಾಪಾರಿಯೊಬ್ಬರಿಗೆ ಸಾವಿನ ಬಗ್ಗೆ ತಿಳಿಹೇಳಲು ಹೊರಟೆ. ಕಾರು ಹಿಂದಕ್ಕೆ ತೆಗೆಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯವಾಗಿತ್ತು. ಯಾರಾದರೂ ಹಿಂದೆ ನಿಂತು "ಬರ್ಲಿ, ಬರ್ಲಿ" ಎಂದರೆ ನನಗೆ ಅವಮಾನವಾಗುತ್ತಿತ್ತು. ಕನ್ನಡಿಯಲ್ಲಿ ನೋಡಿದೆ. ಹೋಗು ಕಾಂಪೌಂಡಿನ ಮೂಲೆಯಲ್ಲಿ, ಚಕ್ರದಿಂದ ದೂರದಲ್ಲೇ ಮಲಗಿತ್ತು. ಅದರ ಪಾಡಿಗೆ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ನಾನು ಜವಾಬ್ದಾರಿಯುತ ಚಾಲಕ. ಕಿಟಕಿಯಿಂದ ತಲೆ ಹೊರಹಾಕಿ, ಇನ್ನೂ ಅತ್ತ ಸರಿಯಲಿ ಎಂದು, "ಹೋಗು, ಹೋಗು!" ಎಂದೆ.

ಅದು ಎದ್ದು ಬಂತು. ನಾನು ಕರೆದದ್ದಕ್ಕೆ ಬಂದದ್ದು ಅದೇ ಮೊದಲು.

ಹೆಚ್ಚು ಹೊತ್ತು ನರಳಲಿಲ್ಲ. ನಾನು ಇಳಿದು ಪಕ್ಕದಲ್ಲಿ ಕೂತಾಗ ಬಾಲ ಒಂದಿಷ್ಟು ನೆಲಕ್ಕೆ ಬಡಿಯಿತು, ಆಮೇಲೆ ನಿಂತಿತು. ಪುಷ್ಪ ಹಿತ್ತಿಲ ನುಗ್ಗೆಮರದ ಕೆಳಗೆ ಗುಂಡಿ ತೆಗೆದಳು. ಅವ್ವ ಒಂದು ಹಿಡಿ ಅರಿಶಿನ ಹಾಕಿ "ಹೋಗ್ಬಾ ನಮ್ಮಪ್ಪ" ಎಂದಳು. ರೇಷ್ಮೆ ವ್ಯಾಪಾರಿ ಅಂದಿಗೆ ಬಚಾವಾದರು.

ಮಗಳಿಗೆ ಯಾರು ಹೇಳುವುದು ಎಂಬ ಪ್ರಶ್ನೆ ಬಂದಾಗ ನಾನು ಕೈ ಎತ್ತಿದೆ. ಇದು ನನ್ನ ಕಸುಬು, ನನಗೆ ಬಿಡಿ ಎಂದೆ. ಮಧ್ಯಾಹ್ನವೆಲ್ಲ ಮಾತು ಜೋಡಿಸಿಕೊಂಡೆ. ಹುಟ್ಟಿದ ಜೀವ, ಪ್ರಕೃತಿ ನಿಯಮ, ಎಲ್ಲ ಸಿದ್ಧವಾಗಿತ್ತು. ಸಂಜೆ ವ್ಯಾನಿನಿಂದ ಇಳಿದವಳು ಖಾಲಿ ಗೇಟು ನೋಡಿ ಬ್ಯಾಗೂ ಇಳಿಸದೆ ಕೇಳಿದಳು.

"ಹೋಗು ಎಲ್ಲಪ್ಪ?"

"ಹೋಗು... ಹೊಂಟೋಯ್ತು ಕಣವ್ವ."

"ಎಲ್ಲಿಗೆ?"

ನಮ್ಮ ಕಡೆ ಯಾರಾದರೂ "ಹೊಂಟೋದ್ರು" ಎಂದರೆ ಕೇಳಿದವರು ತಲೆ ತಗ್ಗಿಸುತ್ತಾರೆ. ಎಲ್ಲಿಗೆ ಎಂದು ಯಾರೂ ಕೇಳುವುದಿಲ್ಲ. ಬಾಯಿ ತಾನಾಗಿಯೇ "ಮರಳವಾಡಿಗೆ" ಎಂದುಬಿಟ್ಟಿತು. ಮರಳವಾಡಿಯಲ್ಲಿ ನನ್ನ ಅಕ್ಕ ಜಯಮ್ಮ ಇದ್ದಾಳೆ. ಅಕ್ಕನ ಹೊಲಕ್ಕೆ ಹಂದಿ ನುಗ್ಗುತ್ತಿವೆ, ಕಾವಲಿಗೆ ಕಳಿಸಿದ್ದೇನೆ ಎಂದು ಉಳಿದದ್ದನ್ನೂ ಹೆಣೆದೆ. ಒಳಗಿನಿಂದ ಪುಷ್ಪ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ.

ಅಕ್ಕನಿಗೆ ವಿಷಯ ತಿಳಿಸುವ ಮೊದಲೇ ಮಗಳು ಫೋನು ಮಾಡಿ, ಹೋಗು ಉಂಡಿತೇ ಎಂದು ವಿಚಾರಿಸಿದಳು. ಅಕ್ಕ ಯಾವ ಹೋಗು ಎಂದಳು. ನಾನು ಫೋನು ಕಿತ್ತುಕೊಂಡು ಹಿತ್ತಿಲಿಗೆ ಓಡಿ, ಅಳುತ್ತ ಪಿಸುಗುಟ್ಟಿ, ವಾಪಸು ತಂದು ಕೊಟ್ಟೆ. ಅಕ್ಕ ಈಗ ಉತ್ಸಾಹದಲ್ಲಿ, ಉಂಡಿದೆ, ಎರಡು ಮುದ್ದೆ ಉಂಡಿದೆ ಎಂದಳು. ಹಾಗಾದರೆ ಅದರ ಬಾಯಿಗೆ ಫೋನು ಹಿಡಿ ಎಂದಳು ಮಗಳು. ನಮ್ಮ ಭಾವ ಶಿವಣ್ಣ ಊರಲ್ಲಿ ನ್ಯಾಯ ಹೇಳುವ ದೊಡ್ಡ ಮೀಸೆಯ ಗಂಭೀರ ಮನುಷ್ಯ. ಅತ್ತ ಕಡೆ ಒಂದು ಕೆಮ್ಮು. ಆಮೇಲೆ ಭಾವ ಬೊಗಳಿದರು!

ಸಿಂಚನ ಫೋನು ಇಟ್ಟು, ಅದಕ್ಕೆ ನೆಗಡಿಯಾಗಿದೆ, ಭಾನುವಾರ ಔಷಧಿ ತಗೊಂಡು ಹೋಗೋಣ ಎಂದಳು.

ಅವ್ವನನ್ನೂ ಪುಷ್ಪಳನ್ನೂ ಜೊತೆಗೆ ಬನ್ನಿ ಎಂದು ಬೇಡಿಕೊಂಡೆ. "ನೀನ್ ಹೇಳಿದ್ ಸುಳ್ಳು, ನೀನೇ ಹೊತ್ಕೊಂಡೋಗ್ಲಾ" ಎಂದಳು ಅವ್ವ. ಮಗಳು ಕೆಮ್ಮಿನ ಸಿರಪ್ಪನ್ನೂ, ಟಿಫನ್ ಬಾಕ್ಸಿನಲ್ಲಿ ಅರ್ಧ ಮುದ್ದೆಯನ್ನೂ ಇಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತಳು. ಕನಕಪುರ ದಾಟುವವರೆಗೂ ಹಂದಿ ಬಂದರೆ ಹೋಗು ಹೆದರುತ್ತದೆಯೇ ಎಂದು ಕೇಳುತ್ತಲೇ ಇದ್ದಳು. ನಾನು ಧೈರ್ಯ ಹೇಳುತ್ತಲೇ ಇದ್ದೆ.

ನನಗೊಂದು ಭರವಸೆ ಇತ್ತು. ಭಾವನಿಗೆ ಫೋನು ಮಾಡಿ, ಕಂದು ಬಣ್ಣದ ನಾಯಿಯೊಂದನ್ನು ಹುಡುಕಿಡಲು ಹೇಳಿದ್ದೆ. ಅವರು ಹುಡುಕಿದ್ದರು. ಅದರ ಪಾದ ಬೆಳ್ಳಗಿರಲಿಲ್ಲವಾದ್ದರಿಂದ ಸುಣ್ಣ ಬಳಿದಿದ್ದರು! ಜಗುಲಿಯ ಕಂಬಕ್ಕೆ ಕಟ್ಟಿದ್ದ ಆ ಪ್ರಾಣಿ ಕಾಲು ನೆಕ್ಕುತ್ತ, ಸೀನುತ್ತ ಕೂತಿತ್ತು. ಭಾವ ನನ್ನ ಕಡೆ ನೋಡದೆ ಹಗ್ಗ ಬಿಚ್ಚಿದರು.

ಸಿಂಚನ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು, ಕೈ ಚಾಚಿ, ಪ್ರೀತಿಯಿಂದ "ಹೋಗೂ" ಎಂದಳು.

ಅದು ಕನ್ನಡ ಬಲ್ಲ ನಾಯಿ. ಬಾಲ ಮುದುರಿಕೊಂಡು ಹೋಯಿತು.

ಅವಳು ಇನ್ನೊಮ್ಮೆ ಕರೆದಳು. ಅದು ಇನ್ನಷ್ಟು ಜೋರಾಗಿ ಓಡಿ ಬೇಲಿ ದಾಟಿತು. ಅವಳು ನನ್ನ ಕಡೆ ತಿರುಗಿದಳು. ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಹೋದಳು, ಭಾವ ದನದ ಕೊಟ್ಟಿಗೆ ಕಡೆ ನಡೆದರು. ನಾನು ಮಗಳ ಮುಂದೆ ನೆಲದ ಮೇಲೆ ಕೂತೆ. ನನ್ನ ಕಸುಬಿನಲ್ಲಿ "ಸತ್ತರೆ" ಎಂಬ ಪದ ಬಳಸುವುದಿಲ್ಲ. "ಏನಾದರೂ ಹೆಚ್ಚುಕಮ್ಮಿ ಆದರೆ" ಎನ್ನುತ್ತೇವೆ.

"ಹೋಗು ಸತ್ತೋಯ್ತು ಕಣವ್ವ. ನಾನೇ ಕಾರ್ ಹತ್ತಿಸ್ಬುಟ್ಟೆ."

"ನೀನು ನೋಡ್ಲಿಲ್ವಾ?"

"ನೋಡ್ದೆ. ಒಸಿ ಅತ್ತಗೆ ಸರೀಲಿ ಅಂತ... ಹೋಗು, ಹೋಗು ಅಂದೆ."

ಅವಳು ಟಿಫನ್ ಬಾಕ್ಸನ್ನು ಮಡಿಲಲ್ಲಿಟ್ಟುಕೊಂಡಳು.

"ನೀನು ಕರದೆ," ಎಂದಳು. "ಅದ್ಕೆ ಬಂತು."

ದನಿಯಲ್ಲಿ ಕೋಪವಿರಲಿಲ್ಲ. ನಾಯಿ ಏನೂ ತಪ್ಪು ಮಾಡಲಿಲ್ಲ ಎಂದು ನನಗೆ ತಿಳಿಸಿ ಹೇಳುತ್ತಿದ್ದಳು. ಬೈದಿದ್ದರೆ, ಹೊಡೆದಿದ್ದರೆ ನನಗೆ ಹಗುರಾಗುತ್ತಿತ್ತು. ಬಾಕ್ಸು ತೆರೆದು ಮುದ್ದೆಯನ್ನು ಬೇಲಿಯ ಹತ್ತಿರ ಇಟ್ಟು ಬಂದಳು. ಸುಣ್ಣದ ಕಾಲಿನ ನಾಯಿ ಮೆಲ್ಲಗೆ ಬಂದು ತಿಂದಿತು. ಕನಕಪುರದವರೆಗೆ ಅವಳು ಅಳಲಿಲ್ಲ. ಅಲ್ಲಿಂದ ಚನ್ನಪಟ್ಟಣದವರೆಗೆ ಅತ್ತಳು. ಅಷ್ಟು ದೂರ ಮಾತಿಲ್ಲದೆ ಕಾರು ಓಡಿಸಿದ್ದು ನನ್ನ ಜೀವನದಲ್ಲಿ ಅದೊಂದೇ ಸಲ. ಮನೆ ತಲುಪಿದ ಮೇಲೆ ಅವ್ವ ಅವಳ ಕೈ ಹಿಡಿದು ನುಗ್ಗೆಮರದ ಹತ್ತಿರ ಕರೆದುಕೊಂಡು ಹೋದಳು. ನನ್ನನ್ನು ಯಾರೂ ಕರೆಯಲಿಲ್ಲ.

ಈಗ ನಮ್ಮ ಮನೆಯಲ್ಲಿ "ಹೋಗು" ಎಂಬ ಪದ ಯಾರೂ ಆಡುವುದಿಲ್ಲ. ಒಣಹಾಕಿದ ಸಂಡಿಗೆಗೆ ಕಾಗೆ ಕೂತರೆ ನಾನು ಬರೀ ಕೈ ಬೀಸುತ್ತೇನೆ, ಕಾಗೆಗಳು ನಿಧಾನವಾಗಿ ತಿಂದು ಮುಗಿಸುತ್ತವೆ. ಸಿಂಚನ ಮುದ್ದೆಯನ್ನು ಪೂರ್ತಿ ಉಣ್ಣುತ್ತಾಳೆ, ಕಣ್ಣು ಮುಚ್ಚಿಕೊಂಡು.

ನಾನು ಕಾರು ಹಿಂದಕ್ಕೆ ತೆಗೆಯಬೇಕಾದಾಗ ಅವಳು ಮೆಟ್ಟಿಲ ಮೇಲೆ ಬಂದು ನಿಲ್ಲುತ್ತಾಳೆ. ಅವಳು ಬರುವ ತನಕ ನಾನು ಕೀಲಿ ತಿರುಗಿಸುವುದಿಲ್ಲ. "ಬರ್ಲಿ" ಎಂದರೆ ಬರುತ್ತೇನೆ, "ಸಾಕು" ಎಂದರೆ ನಿಲ್ಲುತ್ತೇನೆ. ಹೇಳಿದ ಮಾತು ಕೇಳುವ ಪ್ರಾಣಿ ಈ ಮನೆಯಲ್ಲಿ ಈಗ ನಾನೊಬ್ಬನೇ.