ಐದು ಗಂಟೆಯವರೆಗೆ ಪುಕ್ಕಟೆ

ಅಷ್ಟೂ ಅನಾಹುತಕ್ಕೆ ಕಾರಣ ಲಿಫ್ಟಿನೊಳಗೆ ಅಂಟಿಸಿದ್ದ ಅಂಗೈ ಅಗಲದ ಒಂದು ಚೀಟಿ.

'ನಿವಾಸಿಗಳ ಗಮನಕ್ಕೆ. ಕಟ್ಟಡ ಕಂಪನಿಯವರ ಒಂದು ವರ್ಷದ ಉಚಿತ ರಿಪೇರಿ ಇಂದು ಸಂಜೆ ಐದು ಗಂಟೆಗೆ ಮುಗಿಯುತ್ತದೆ. ಎಂಜಿನಿಯರು ಬೆಳಿಗ್ಗೆ ಒಂಬತ್ತಕ್ಕೆ ಬರುತ್ತಾರೆ. ಎಲ್ಲರೂ ಸದುಪಯೋಗ ಪಡೆದುಕೊಳ್ಳಬೇಕು. ಇಂತಿ, ಕಾರ್ಯದರ್ಶಿ.'

ಕಾರ್ಯದರ್ಶಿ ಒಳ್ಳೆಯ ಮನಸ್ಸಿನಿಂದಲೇ ಅಂಟಿಸಿದ್ದರು. ಆದರೆ 'ಉಚಿತ'ಕ್ಕೂ 'ಇಂದೇ ಕೊನೆ'ಗೂ ಒಂದೇ ಚೀಟಿಯಲ್ಲಿ ಗಂಟು ಹಾಕಬಾರದು ಅನ್ನುವ ತಿಳಿವಳಿಕೆ ಅವರಿಗಿರಲಿಲ್ಲ. ಎಂಜಿನಿಯರು ಒಂಬತ್ತಕ್ಕೆ ಗೇಟು ದಾಟಿ ಬರುವ ಹೊತ್ತಿಗೆ ಮೆಟ್ಟಿಲ ಮೇಲೆ ಸಾಲು ನಿಂತಿತ್ತು. ಒಬ್ಬರ ಕೈಯಲ್ಲಿ ನಲ್ಲಿಯ ತಿರುಪು, ಇನ್ನೊಬ್ಬರ ಕೈಯಲ್ಲಿ ಬಾಗಿಲ ಚಿಲಕ, ಅವರ ಹಿಂದಿದ್ದ ಹೆಂಗಸಿನ ಕೈಯಲ್ಲಿ ಇಸ್ತ್ರಿ ಪೆಟ್ಟಿಗೆ.

"ಇಸ್ತ್ರಿ ಪೆಟ್ಟಿಗೆ ನಾವು ಕಟ್ಟಿದ್ದಲ್ಲಮ್ಮಾ" ಅಂದ ಎಂಜಿನಿಯರು.

"ನೀವು ಕಟ್ಟಿದ ಗೋಡೇಲಿರೋ ಪ್ಲಗ್ಗಿಗೆ ಹಾಕಿದ್ಮೇಲೇ ಕೆಟ್ಟಿದ್ದು" ಅಂದರು ಆಕೆ.

ಆ ತರ್ಕಕ್ಕೆ ಎದುರಾಡಲು ಅವನ ಬಳಿ ಹೊತ್ತಿರಲಿಲ್ಲ. ಚೀಲದಲ್ಲಿದ್ದದ್ದು ಒಂದು ಹಾಳೆ. ಕಂಪನಿಯವರು ಅದಕ್ಕೆ 'ದೋಷವಿಲ್ಲ ಪತ್ರ' ಅನ್ನುತ್ತಿದ್ದರು. ಹನ್ನೆರಡು ಮನೆ, ಹನ್ನೆರಡು ಸಹಿ, ಕೊನೆಗೆ ಕಾರ್ಯದರ್ಶಿಯ ಸಹಿ. ಐದು ಗಂಟೆಯೊಳಗೆ ಎಲ್ಲ ಬಿದ್ದರೆ ಈ ಕಟ್ಟಡಕ್ಕೂ ಅವನಿಗೂ ಇದ್ದ ಋಣ ಹರಿಯಿತು. ಒಂದು ಸಹಿ ತಪ್ಪಿದರೂ ಇನ್ನೊಂದು ವರ್ಷ ಇಲ್ಲೇ ಗೂಟ.

ಆಗಲೇ ನಾಲ್ಕು ವರ್ಷ ಗೂಟ ಹೊಡೆದುಕೊಂಡಾಗಿತ್ತು. ಪಾಯ ತೋಡಿದರೆ ಬಂಡೆ ಸಿಕ್ಕಿತು. ಬಂಡೆ ಒಡೆಯುವಷ್ಟರಲ್ಲಿ ಮಳೆ ಹಿಡಿದು, ಆ ಗುಂಡಿಯಲ್ಲಿ ಕಪ್ಪೆಗಳು ಎರಡು ತಲೆಮಾರು ಕಂಡವು. ಮೊದಲ ಮಹಡಿಯ ತಾರಸಿ ಹಾಕಿದ ಮೇಲೆ, ಮೆಟ್ಟಿಲು ಆ ಕಡೆ ಬೇಡ ಈ ಕಡೆ ಇರಲಿ ಅಂತ ನಕ್ಷೆ ಬದಲಾಯಿತು. ಬಣ್ಣದ ಜಗಳ ಮೂರು ತಿಂಗಳು ನಡೆದು, ಕೊನೆಗೆ ಯಾರಿಗೂ ಬೇಡವಾದ ಬಣ್ಣಕ್ಕೆ ಎಲ್ಲರೂ ಒಪ್ಪಿದರು. ಪ್ರತಿ ಹಂತದಲ್ಲೂ ಕಂಪನಿಯ ಧಣಿಗಳು, "ಇದೊಂದು ಮುಗಿಸಪ್ಪಾ, ಹೆಂಡತಿ ಇರೋ ಊರಿಗೇ ನಿನ್ನ ಹಾಕ್ತೀನಿ" ಅನ್ನುತ್ತಿದ್ದರು. ಪಾಯ ಮುಗಿದಾಗ ಅಂದರು, ತಾರಸಿ ಹಾಕಿದಾಗ ಅಂದರು, ಬೀಗದ ಕೈ ಒಪ್ಪಿಸಿದಾಗಲೂ ಅಂದರು. ಹೆಂಡತಿ ಎಂಟು ಗಂಟೆ ಬಸ್ಸಿನ ದೂರದ ಊರಿನ ಸರಕಾರಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯ ಕೆಲಸದಲ್ಲಿದ್ದಳು. ಮದುವೆಯಾಗಿ ಐದು ವರ್ಷವಾಗಿದ್ದರೂ ಇಬ್ಬರೂ ಒಂದೇ ಮಾಡಿನ ಕೆಳಗೆ ಕಳೆದ ದಿನಗಳಿಗಿಂತ, ಅವನು ಬಸ್ಸಿನ ಕಿಟಕಿಗೆ ತಲೆ ಕುಟ್ಟಿಕೊಂಡು ಕಳೆದ ದಿನಗಳೇ ಹೆಚ್ಚು.

ಬೆಳಿಗ್ಗೆ ಫೋನ್ ಮಾಡಿ "ಈ ಸಲ ಖಂಡಿತ ಕಣೇ" ಅಂದಿದ್ದ.

"ಪಾಯದ ಕಾಲದಿಂದ ಇದೇ ಮಾತು ಕೇಳ್ತಿದ್ದೀನಿ. ನಿಮ್ಮ ಧಣಿಗಳ ಮಾತನ್ನ ನೀರಿನ ಮೇಲೆ ಬರ್ಕೋಬೇಕು" ಅಂದಿದ್ದಳು ಅವಳು. "ಆಗ್ಲಿ ರೀ, ಸಂಜೆ ಮಾತಾಡೋಣ."

ಜೊತೆಗೆ ಬಂದವನು ಮೇಸ್ತ್ರಿ ಒಬ್ಬನೇ. ಅವನ ಕಿವಿ ಒಂದು ವಿಚಿತ್ರ. ಕೆಲಸ ಹೇಳಿದರೆ ಪಕ್ಕದಲ್ಲಿ ನಿಂತು ಕೂಗಿದರೂ ಕೇಳಿಸುತ್ತಿರಲಿಲ್ಲ. ಊಟದ ಮಾತನ್ನು ಮೂರನೇ ಮಹಡಿಯಲ್ಲಿ ಪಿಸುಗುಟ್ಟಿದರೂ ಕೆಳಗಿನಿಂದ "ಬಂದೆ" ಅನ್ನುತ್ತಿದ್ದ.

ಮೊದಲ ಮಹಡಿಯ ಅಜ್ಜಿಯ ಮನೆಯಿಂದ ಶುರುವಾಯಿತು. ಅಜ್ಜಿಯ ಕೋಣೆಯ ಬಾಗಿಲು ಹಾಕಿದರೆ ಕೂರುತ್ತಿರಲಿಲ್ಲ. ಮೇಸ್ತ್ರಿ ಅಂಚು ತುಸು ಉಜ್ಜಿದ. ಬಾಗಿಲು ಚೆನ್ನಾಗಿ ಕೂತಿತು. ಕೂತು ಒಂದು ನಿಮಿಷ ಯೋಚನೆ ಮಾಡಿ ತಾನೇ ನಿಧಾನವಾಗಿ ತೆರೆದುಕೊಂಡಿತು.

"ಮೊದ್ಲು ಹಾಕಕ್ಕೆ ಬರ್ತಿರ್ಲಿಲ್ಲ. ಈಗ ಹಾಕಿದ್ದು ನಿಲ್ಲಲ್ಲ. ಇದನ್ನ ರಿಪೇರಿ ಅಂತಾರೇನಪ್ಪಾ?" ಅಂದರು ಅಜ್ಜಿ.

"ಗಾಳಿ ಆಡ್ಲಿ ಅಂತ ಅಜ್ಜೀ" ಅಂದ ಮೇಸ್ತ್ರಿ, ಕಾಗದ ಮಡಚಿ ಸಂದಿಗೆ ತುರುಕುತ್ತಾ. ಆ ಮಡಚಿದ ಕಾಗದಕ್ಕೆ ಅಜ್ಜಿ ಒಲಿದು ಸಹಿ ಮಾಡಿಬಿಟ್ಟರು. ಒಂದು ಸಹಿ! ಎಂಜಿನಿಯರಿಗೆ ಹಾಲು ಕುಡಿದಷ್ಟು ಹೊಟ್ಟೆ ತಂಪಾಯಿತು.

ಅಜ್ಜಿಯ ಮನೆಯ ನೆತ್ತಿಯ ಮೇಲೆ, ಎರಡನೇ ಮಹಡಿಯಲ್ಲಿ, ನಿವೃತ್ತ ಹೆಡ್‌ಮೇಷ್ಟ್ರು ಕಾಯುತ್ತಿದ್ದರು. ಊರುಗೋಲಿನಿಂದ ಮನೆಯ ಒಂದೊಂದು ಟೈಲ್ಸನ್ನೂ ಕುಟ್ಟಿ ನೋಡಿ, ಟೊಳ್ಳು ಅನಿಸಿದ್ದಕ್ಕೆಲ್ಲ ಸೀಮೆಸುಣ್ಣದಲ್ಲಿ ತಪ್ಪು ಗುರುತು ಹಾಕಿಟ್ಟಿದ್ದರು. ನೆಲ ನೋಡಿದರೆ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದ ಹುಡುಗನ ಉತ್ತರ ಪತ್ರಿಕೆಯ ಹಾಗಿತ್ತು.

"ಹಾಲ್‌ಗೆ ನಲವತ್ತೆರಡು ಕೊಟ್ಟಿದ್ದೀನಿ" ಅಂದರು ಮೇಷ್ಟ್ರು. "ಬಚ್ಚಲಮನೆ ಫೇಲು."

"ಮೇಷ್ಟ್ರೇ, ಟೊಳ್ಳಿದ್ರೂ ಬೀಳಲ್ಲ ಅದು."

"ನಮ್ಮ ಶಾಲೇಲೂ ಹಾಗೇ ಹೇಳೋರು. ಪರೀಕ್ಷೇಲಿ ಎಲ್ಲಾ ಬಿದ್ರು."

ಮಾತು ಬೆಳೆಸಿದರೆ ಮಧ್ಯಾಹ್ನವಾಗುತ್ತದೆ ಅಂತ ಎಂಜಿನಿಯರು ಮೇಸ್ತ್ರಿಗೆ ಬಚ್ಚಲಮನೆಯ ಒಂದೇ ಒಂದು ಟೈಲ್ಸನ್ನು ಮೆಲ್ಲಗೆ ಎಬ್ಬಿಸಲು ಹೇಳಿದ. 'ಎಬ್ಬಿಸು' ಅನ್ನುವುದು ಮೇಸ್ತ್ರಿಗೆ ಕೇಳಿಸಿತು, 'ಮೆಲ್ಲಗೆ' ಕೇಳಿಸಲಿಲ್ಲ. ಉಳಿ ಇಟ್ಟು ಸುತ್ತಿಗೆಯಲ್ಲಿ ಒಂದೇ ಏಟು. ಟೈಲ್ಸು ಎದ್ದಿತು. ಅದರ ಹಿಂದೆಯೇ ಒಡೆದ ಪೈಪಿನಿಂದ ನೀರೂ ಎದ್ದಿತು. ಆಳೆತ್ತರ ಚಿಮ್ಮಿ, ಮೇಷ್ಟ್ರ ಕನ್ನಡಕ ತೊಳೆದು, ನೆಲಕ್ಕೆ ಬಿದ್ದು, ಬಂದ ದಾರಿ ಗೊತ್ತಿರುವ ನೆಂಟನ ಹಾಗೆ ಕೆಳಗಿನ ಮನೆಯ ಕಡೆ ಹೊರಟಿತು.

ಐದು ನಿಮಿಷದಲ್ಲಿ ಅಜ್ಜಿ ಒದ್ದೆ ತಲೆಯಲ್ಲಿ ಮೇಲೆ ಬಂದರು.

"ನನ್ನ ಸಹಿ ವಾಪಸ್ ಕೊಡಪ್ಪಾ."

"ಅಜ್ಜೀ, ಹಾಕಿದ ಸಹಿ ವಾಪಸ್ ಕೊಡೋಕೆ ಬರಲ್ಲ."

"ಅಡುಗೆಮನೇಲಿ ಮಳೆ ಬರ್ತಿದೆ. ಕೊಡೆ ಹಿಡ್ಕೊಂಡು ಒಗ್ಗರಣೆ ಹಾಕ್ಲಾ?" ಅಂದವರೇ ಅವನ ಕೈಯಿಂದ ಹಾಳೆ ಕಿತ್ತುಕೊಂಡು, ತಮ್ಮ ಹೆಸರಿನ ಮೇಲೆ ಗೀಟು ಎಳೆದುಬಿಟ್ಟರು. ಅದೂ ಒಂದಲ್ಲ, ಎರಡು ಗೀಟು.

ಎಂಜಿನಿಯರು ಕೆಳಗೆ ಓಡಿ ದೊಡ್ಡ ವಾಲ್ವನ್ನೇ ಮುಚ್ಚಿದ. ನೀರು ನಿಂತಿತು. ಹನ್ನೆರಡೂ ಮನೆಗೆ ನಿಂತಿತು. ಆಮೇಲೆ ಬಾಗಿಲುಗಳು ಒಂದೊಂದಾಗಿ ತೆರೆದವು. ಪಾತ್ರೆ ಹಿಡಿದವರು, ಬಟ್ಟೆ ಹಿಡಿದವರು, ಇವರೆಲ್ಲರ ಮಧ್ಯೆ ಸೊಂಟಕ್ಕೆ ಟವೆಲು ಸುತ್ತಿ, ತಲೆಯಿಂದ ಎದೆಯವರೆಗೆ ಸೋಪಿನ ನೊರೆಯಲ್ಲಿ ಮುಳುಗಿದ್ದ ಮೂರನೇ ಮಹಡಿಯ ಒಬ್ಬರು.

"ಸಾರ್, ಕಣ್ಣು ಉರೀತಿದೆ" ಅಂದರು ನೊರೆಯವರು.

"ಹತ್ತು ನಿಮಿಷ ಸಾರ್."

"ಹತ್ತು ನಿಮಿಷ ಅಂದ್ರೆ ನಿಮ್ಮ ಲೆಕ್ಕದಲ್ಲಿ ಎಷ್ಟು? ಒಂದು ತಿಂಗಳಲ್ಲಿ ಲಿಫ್ಟು ಅಂದಿದ್ರಿ, ಹತ್ತು ತಿಂಗಳು ಮೆಟ್ಟಿಲು ಹತ್ತಿದ್ದೀನಿ."

ಅದಾದ ಮೇಲೆ ನೊರೆಯವರು ಅವನ ಬೆನ್ನು ಬಿಡಲಿಲ್ಲ. ಪೈಪಿನ ಜಾಯಿಂಟು ತರಲು ಅಂಗಡಿಗೆ ಹೊರಟರೆ ಗೇಟಿನವರೆಗೂ ಬಂದರು. ವಾಪಸ್ ಬಂದರೆ ಅಲ್ಲೇ ಇದ್ದರು. ನೊರೆ ಒಣಗಿ, ಸುಣ್ಣ ಬಳಿದ ಕಂಬದ ಹಾಗಿದ್ದರು. ತಂದ ಜಾಯಿಂಟು ಅರ್ಧ ಬೆರಳು ದಪ್ಪ. ಮತ್ತೆ ಅಂಗಡಿಗೆ. ಎರಡನೆಯದು ಸಣ್ಣದು. ಮೂರನೇ ಸಲಕ್ಕೆ ಅಂಗಡಿಯವನು ಊಟಕ್ಕೆ ಹೋಗಿದ್ದ. ಆ ಸುದ್ದಿ ಕೇಳಿದ್ದೇ ಮೇಸ್ತ್ರಿಯೂ ಮಾಯ.

ನೀರಿಲ್ಲದ ಜನಕ್ಕೆ ಬೇರೆ ಕೆಲಸವಿರಲಿಲ್ಲ. ಹಾಗಾಗಿ ಮನೆಯಲ್ಲಿ ಕೆಟ್ಟು ಕೂತಿದ್ದನ್ನೆಲ್ಲ ಹುಡುಕಿ ಹುಡುಕಿ ತಂದರು. ಒಬ್ಬರು ಗೋಡೆ ಗಡಿಯಾರ ತಂದರು. ಗೋಡೆ ಕಂಪನಿಯದು, ಆದ್ದರಿಂದ ಗಡಿಯಾರವೂ. ಇನ್ನೊಬ್ಬರು ಕುರ್ಚಿ ತಂದು, ನೆಲ ಸಮ ಇಲ್ಲದೆ ಇದರ ಕಾಲು ಮುರಿಯಿತು ಅಂದರು. ಇಸ್ತ್ರಿ ಪೆಟ್ಟಿಗೆಯಾಕೆ ಬೆಳಗಿನಿಂದ ಸಾಲಿನ ಜಾಗ ಬಿಟ್ಟುಕೊಟ್ಟಿರಲಿಲ್ಲ. ಎಂಜಿನಿಯರು ಆಗೋದಿಲ್ಲ ಅಂತ ಬಾಯಿ ತೆರೆಯುವ ಮೊದಲೇ ಎದುರಿದ್ದವರ ಕಣ್ಣು ಆ ಹಾಳೆಯ ಕಡೆ ಹೋಗುತ್ತಿತ್ತು. ಅವನು ಬಾಯಿ ಮುಚ್ಚಿಕೊಂಡು ಸ್ಕ್ರೂಡ್ರೈವರ್ ತೆಗೆಯುತ್ತಿದ್ದ. ಒಂದು ಸಾಮಾನು, ಒಂದು ಸಹಿ.

ಎರಡೂವರೆಗೆ ಮೇಸ್ತ್ರಿ ತೇಗುತ್ತಾ ಬಂದಾಗ ಎಂಜಿನಿಯರು ಮೆಟ್ಟಿಲ ಮೇಲೆ ತಲೆಗೆ ಕೈ ಹೊತ್ತು ಕೂತಿದ್ದ.

"ಮೇಸ್ತ್ರೀ, ಮನುಷ್ಯ ಗುಹೇಲಿ ಆರಾಮಾಗಿದ್ದ. ಮನೆ ಕಟ್ಟೋ ಬುದ್ಧಿ ಯಾಕೆ ಬಂತು ಅವನಿಗೆ?"

"ಗುಹೇಲಿ ಊಟದ ಹೊತ್ತು ಗೊತ್ತಾಗ್ತಿರ್ಲಿಲ್ಲ ಸಾರ್" ಅಂದ ಮೇಸ್ತ್ರಿ.

ಮೂರೂವರೆಗೆ ಪೈಪು ಕೂಡಿತು. ನೀರು ಬಂತು. ನೊರೆಯವರು ಸಹಿ ಗೀಚಿ, ಹಾಳೆಯ ಮೂಲೆಯಲ್ಲಿ ಬಿಳಿ ಹೆಬ್ಬೆರಳ ಗುರುತು ಬಿಟ್ಟು ಮೇಲೆ ಓಡಿದರು. ಅಜ್ಜಿಯ ಅಡುಗೆಮನೆ ಒರೆಸಿ, ಗೋಡೆಗೆ ಬಣ್ಣ ಬಳಿದದ್ದಾಯಿತು. ಅವರ ಕೊಡೆಯ ಕಡ್ಡಿಯನ್ನೂ ಸರಿಮಾಡಿದ ಮೇಲೆ ಅಜ್ಜಿ ತಮ್ಮ ಎರಡು ಗೀಟಿನ ಕೆಳಗೆ ಹೊಸ ಸಹಿ ಹಾಕಿದರು.

ಉಳಿದವರು ಮೇಷ್ಟ್ರು. ನಾಲ್ಕು ನಲವತ್ತಕ್ಕೆ ಎಂಜಿನಿಯರು ಅವರ ಮುಂದೆ ಕೈಕಟ್ಟಿ ನಿಂತ.

ಮೇಷ್ಟ್ರು ಹೊಸ ಟೈಲ್ಸು ಕುಟ್ಟಿದರು. ಕಿವಿಯಿಟ್ಟು ಕೇಳಿದರು. ಇನ್ನೊಮ್ಮೆ ಕುಟ್ಟಿದರು.

"ಮೇಷ್ಟ್ರೇ, ನಿಮ್ಮ ಕಾಲಿಗೆ ಬೀಳ್ತೀನಿ. ನಾಲ್ಕು ವರ್ಷ ಆಯ್ತು. ನಾನೂ ಹೆಂಡ್ತಿ ಇರೋ ಮನುಷ್ಯ. ಅವಳಿಗೆ ನನ್ನ ಮುಖ ಮರ್ತು ಹೋಗೋ ಮುಂಚೆ ಆ ಊರು ಸೇರ್ಕೋತೀನಿ."

ಮೇಷ್ಟ್ರ ಮನಸ್ಸು ಕರಗಿತು. ಕೆಂಪು ಶಾಯಿಯ ಪೆನ್ನು ತೆಗೆದು, 'ತೃಪ್ತಿಕರ. ಇನ್ನೂ ಶ್ರಮಿಸಬೇಕು' ಅಂತ ಬರೆದು ಸಹಿ ಮಾಡಿದರು.

ಹಾಳೆ ಹಿಡಿದು ಮೆಟ್ಟಿಲು ಎರಡೆರಡಾಗಿ ಹಾರಿ ಕಾರ್ಯದರ್ಶಿಯ ಮನೆ ಮುಟ್ಟಿದಾಗ ಐದಕ್ಕೆ ನಾಲ್ಕು ನಿಮಿಷ. ಕಾರ್ಯದರ್ಶಿ ಬೆರಳಿಟ್ಟು ಎಣಿಸಿದರು.

"ಹನ್ನೊಂದೇ ಇದೆಯಲ್ಲ? ಓ, ಹನ್ನೆರಡನೇ ನಂಬರು. ಅದು ಖಾಲಿ ಮನೆ, ಮಾಲೀಕರು ದೂರದಲ್ಲಿದ್ದಾರೆ. ನೋಡ್ಕೊಂಡ್ ಬರ್ತೀರಾ?"

ಎಂಜಿನಿಯರು ಗಡಿಯಾರ ನೋಡಿದ. "ಖಾಲಿ ಮನೇಲಿ ಏನ್ ಸಾರ್ ಕೆಡುತ್ತೆ? ಬಳಸೋರೇ ಇಲ್ಲ."

"ಅದೂ ಸರಿಯೇ. ಪರಿಶೀಲಿಸಿದ್ದೀನಿ ಅಂತ ನೀವೇ ಒಂದು ಸಹಿ ಹಾಕ್ಬಿಡಿ."

ಹಾಕಿದ. ಕಾರ್ಯದರ್ಶಿಯೂ ಹಾಕಿ, ಮೊಹರು ಒತ್ತಿದರು. ಹೊರಗೆ ಬಂದು ಹಾಳೆಯ ಫೋಟೋ ತೆಗೆದು ಧಣಿಗಳಿಗೆ ಕಳಿಸಿದ. ಮರುಗಳಿಗೆಯಲ್ಲೇ ಫೋನು ಬಂತು.

"ಭೇಷ್! ಕೊಟ್ಟ ಮಾತಿಗೆ ತಪ್ಪೋನಲ್ಲಪ್ಪಾ ನಾನು. ನಿನ್ನ ವರ್ಗದ ಆದೇಶ ಈಗ್ಲೇ ಸಹಿ ಮಾಡ್ದೆ. ಸೋಮವಾರ ಬೆಳಿಗ್ಗೆ ಆ ಊರಿನ ಸೈಟಲ್ಲಿರು. ಹೊಸ ಕಟ್ಟಡ, ಅವತ್ತೇ ಪಾಯ. ಇನ್ನು ನೀನೇ ಬೇಡ ಅಂದ್ರೂ ಬದಲಾಯ್ಸಲ್ಲ!"

ಎಂಜಿನಿಯರಿಗೆ ಕಾಲು ನೆಲಕ್ಕೆ ತಾಗಲಿಲ್ಲ. ಹೆಂಡತಿಯ ನಂಬರು ಒತ್ತಿದ. ಫೋನು ರಿಂಗಾಗುವ ಸದ್ದು ಎರಡು ಕಡೆಯಿಂದ ಕೇಳಿಸಿತು: ಒಂದು ಕಿವಿಯಲ್ಲಿ, ಇನ್ನೊಂದು ಗೇಟಿನ ಬಳಿ. ಅಲ್ಲಿ ಮಂಚ, ಬೀರು, ಪಾತ್ರೆಯ ಮೂಟೆ ತುಂಬಿದ ಒಂದು ಲಾರಿ ನಿಂತಿತ್ತು. ಡ್ರೈವರಿನ ಪಕ್ಕದಿಂದ ಸೆರಗು ಸಿಕ್ಕಿಸಿಕೊಂಡು ಇಳಿಯುತ್ತಿದ್ದವಳು ಅವನ ಹೆಂಡತಿ.

"ಹೇಗಿದೆ?" ಅಂದಳು ಮುಖವೆಲ್ಲ ನಗುವಾಗಿ. "ನಿಮ್ಮ ಧಣಿಗಳನ್ನ ನಂಬ್ಕೊಂಡು ಕೂತ್ರೆ ನಾವು ಮುದುಕರಾಗ್ತೀವಿ ಅಂತ ನಾನೇ ಅರ್ಜಿ ಹಾಕಿ ಇಲ್ಲಿನ ಆಸ್ಪತ್ರೆಗೆ ವರ್ಗ ಮಾಡಿಸ್ಕೊಂಡೆ. ಎಷ್ಟು ಜನರ ಕಾಲು ಹಿಡಿದಿದ್ದೀನಿ ಗೊತ್ತಾ? ಇನ್ನು ಮೂರು ವರ್ಷ ಯಾರೂ ಅಲ್ಲಾಡಿಸೋ ಹಾಗಿಲ್ಲ. ಮಾಲೀಕರ ಹತ್ರಾನೇ ಹೋಗಿ ಬೀಗದ ಕೈ ಇಸ್ಕೊಂಡು ಮನೇನೂ ಹಿಡಿದಾಯ್ತು. ನೀವೇ ಕಟ್ಟಿದ ಮನೆ ರೀ! ಮೂರನೇ ಮಹಡಿ, ಹನ್ನೆರಡನೇ ನಂಬರು."

ಎಂಜಿನಿಯರು ಬಾಯಿ ತೆರೆದ. ಅಷ್ಟರಲ್ಲಿ ಅವಳು ಪಾತ್ರೆಯ ಮೂಟೆ ಎತ್ತಿಕೊಂಡು, ಬೀಗದ ಕೈ ಕುಣಿಸುತ್ತಾ ಲಿಫ್ಟು ಹತ್ತಿಯಾಗಿತ್ತು.

ಅವನು ಮೆಟ್ಟಿಲು ಹತ್ತಿ ಮೇಲೆ ಹೋಗುವಷ್ಟರಲ್ಲಿ ಅಡುಗೆಮನೆಯಿಂದ ಚೀರಾಟ ಕೇಳಿಸಿತು. ಹೆಂಡತಿಯ ಬಲಗೈಯಲ್ಲಿ ನಲ್ಲಿಯಿತ್ತು, ಗೋಡೆಯಲ್ಲಿ ನಲ್ಲಿಯಿರಲಿಲ್ಲ. ಅದಿದ್ದ ತೂತಿನಿಂದ ನೀರು ಎದುರಿನ ಗೋಡೆಗೆ ರಾಚುತ್ತಿತ್ತು. ಸಿಂಕಿನ ಕೆಳಗಿನ ಪೈಪನ್ನಂತೂ ಯಾರೂ ಯಾವತ್ತೂ ಜೋಡಿಸಿಯೇ ಇರಲಿಲ್ಲ. ಹೊಕ್ಕ ನೀರೆಲ್ಲ ನೆಟ್ಟಗೆ ನೆಲಕ್ಕೇ ಬರುತ್ತಿತ್ತು.

"ನೋಡ್ತಾ ನಿಂತಿದ್ದೀರಲ್ಲ! ನಿಮ್ಮ ಕಂಪನಿಯೋರನ್ನ ಕರೀರಿ!"

"ಕಂಪನಿ..." ಅಂದ ಅವನು, ಒದ್ದೆಯಾದ ಫೋನನ್ನು ಅವಳ ಕಡೆ ಹಿಡಿದು. ಅದರಲ್ಲಿ ಆಗಷ್ಟೇ ಬಂದಿದ್ದ ವರ್ಗದ ಆದೇಶವಿತ್ತು. ಅವಳು ಓದಿದಳು. ಊರಿನ ಹೆಸರು ನೋಡಿದಳು. ಇನ್ನೊಮ್ಮೆ ಓದಿದಳು. ನಲ್ಲಿಯನ್ನು ಮಡಿಲಲ್ಲಿಟ್ಟುಕೊಂಡು ಪಾತ್ರೆಯ ಮೂಟೆಯ ಮೇಲೆ ಕೂತುಬಿಟ್ಟಳು.

ಸದ್ದಿಗೆ ಜನ ಸೇರಿತು. ಇಸ್ತ್ರಿ ಪೆಟ್ಟಿಗೆಯಾಕೆ ಬಂದರು, ಅಜ್ಜಿ ಬಂದರು, ಸ್ನಾನ ಮುಗಿಸಿ ಘಮಘಮಿಸುತ್ತಿದ್ದ ನೊರೆಯವರೂ ಬಂದರು. ಮೇಸ್ತ್ರಿಯನ್ನು ಕೂಗಿದರೆ ಕೆಳಗಿನಿಂದ ಉತ್ತರವಿಲ್ಲ. ಇನ್ನೂ ರಿಪೇರಿ ಉಳಿದಿದೆ ಅಂತ ಹೆಂಡತಿ ಎಲ್ಲರ ಮುಂದೆ ಗೋಳು ತೋಡಿಕೊಂಡಾಗ, ಮೇಷ್ಟ್ರು ಕಾರ್ಯದರ್ಶಿಯ ಕೈಯಿಂದ ಪತ್ರದ ನಕಲು ಇಸಕೊಂಡು, ಕನ್ನಡಕ ಒರೆಸಿ, ತರಗತಿಗೆ ಪಾಠ ಓದುವವರ ಹಾಗೆ ಓದಿದರು.

"'ಮನೆ ಸಂಖ್ಯೆ ಹನ್ನೆರಡು. ಖುದ್ದಾಗಿ ಪರಿಶೀಲಿಸಿದೆ. ಯಾವ ದೋಷವೂ ಇಲ್ಲ.'" ಆಮೇಲೆ ಕನ್ನಡಕದ ಮೇಲಿಂದ ಆಕೆಯನ್ನು ನೋಡಿ, ಬಹಳ ಕನಿಕರದಿಂದ ಕೇಳಿದರು:

"ಕೆಳಗೆ ಒಂದು ಸಹಿ ಇದೆ ತಾಯಿ. ಈ ಮಹಾನುಭಾವ ಯಾರು ಅಂತ ನಿಮಗೇನಾದ್ರೂ ಗೊತ್ತೇ?"